ಕಾರಿನ ಕಣ್ಣಿಗೆ ಬಂದ ಪೊರೆ

ನಿಮ್ಮ ಬೀದಿಯಲ್ಲಿ ಸಾಲಾಗಿ ನಿಂತಿರುವ ಕಾರುಗಳ ಮುಂದೆ ಒಮ್ಮೆ ನಿಧಾನವಾಗಿ ನಡೆದು ಬನ್ನಿ. ಬಣ್ಣ, ಚಕ್ರ, ಕಂಪನಿಯ ಹೆಸರು ಯಾವುದನ್ನೂ ನೋಡಬೇಡಿ. ಮುಂದಿನ ಎರಡು ದೀಪಗಳನ್ನಷ್ಟೇ ನೋಡಿ. ಹೊಸ ಕಾರಾದರೆ ದೀಪದೊಳಗಿನ ಬಲ್ಬು, ಅದರ ಹಿಂದಿನ ಹೊಳೆಯುವ ಬಟ್ಟಲು ಎಲ್ಲವೂ ನಿಚ್ಚಳವಾಗಿ ಕಾಣುತ್ತವೆ. ಎಂಟು ಹತ್ತು ವರ್ಷ ಬಿಸಿಲಿನಲ್ಲಿ ನಿಂತ ಕಾರಿನ ದೀಪ ಹಾಗಲ್ಲ. ಹಾಲಿಗೆ ಚಿಟಿಕೆ ಅರಿಶಿನ ಬೆರೆಸಿ ಬಳಿದಂತೆ ಮಂಕಾಗಿರುತ್ತದೆ. ವಯಸ್ಸಾದವರ ಕಣ್ಣಿಗೆ ಪೊರೆ ಬಂದಂತೆಯೇ.

ಅದೇ ಬೀದಿಯಲ್ಲಿ ಹಳೆಯ ಅಂಬಾಸಿಡರ್ ಅಥವಾ ಪದ್ಮಿನಿ ಕಾರು ನಿಂತಿದ್ದರೆ ಅದನ್ನೂ ನೋಡಿ. ಮೈ ತುಕ್ಕು ಹಿಡಿದಿರಬಹುದು, ಆದರೆ ದುಂಡನೆಯ ದೀಪದ ಗಾಜು ಮಾತ್ರ ಇನ್ನೂ ತಿಳಿಯಾಗಿಯೇ ಇರುತ್ತದೆ. ಅಜ್ಜನ ಕಣ್ಣು ಚುರುಕು, ಮೊಮ್ಮಗನ ಕಣ್ಣಿಗೆ ಪೊರೆ! ಏಕೆ ಹೀಗೆ? ದೀಪದ ಮೇಲಿರುವುದು ಕೊಳೆಯೇ? ತೊಳೆದರೆ ಹೋಗುತ್ತದೆಯೇ? ಮನೆಯಲ್ಲಿ ನಾವೇ ಸರಿಪಡಿಸಬಹುದೇ?

ಗಾಜು ಹೋಗಿ ಪ್ಲಾಸ್ಟಿಕ್ ಬಂತು

ಇಂದಿನ ಕಾರುಗಳ ದೀಪದ ಮುಂಭಾಗ ಗಾಜಲ್ಲ. ಅದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. 1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯಲ್ಲಿ ಹರ್ಮನ್ ಶ್ನೆಲ್, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಡೇನಿಯಲ್ ಫಾಕ್ಸ್ ಒಬ್ಬರಿಗೊಬ್ಬರು ತಿಳಿಯದೆ ಇದನ್ನು ತಯಾರಿಸಿದರು. ಇದರ ತೂಕ ಗಾಜಿನ ಅರ್ಧದಷ್ಟು. ಕಲ್ಲು ಸಿಡಿದು ಬಡಿದರೂ ಗಾಜಿನಂತೆ ಚೂರಾಗುವುದಿಲ್ಲ. ಕಾಯಿಸಿ ಅಚ್ಚಿಗೆ ಹಾಕಿದರೆ ಬೇಕಾದ ಆಕಾರಕ್ಕೆ ಬರುತ್ತದೆ.

ಅಮೆರಿಕದಲ್ಲಿ ಬಹುಕಾಲ ಕಾರುಗಳಿಗೆ ನಿಗದಿತ ಅಳತೆಯ ಗಾಜಿನ ದೀಪಗಳನ್ನೇ ಹಾಕಬೇಕೆಂಬ ನಿಯಮವಿತ್ತು. 1983ರಲ್ಲಿ ಆ ನಿಯಮ ಸಡಿಲವಾಯಿತು. 1984ರ ಮಾದರಿಯ ಲಿಂಕನ್ ಕಾರು ಪ್ಲಾಸ್ಟಿಕ್ ಮುಖದ ದೀಪ ಹೊತ್ತು ಅಲ್ಲಿನ ರಸ್ತೆಗಿಳಿಯಿತು. ಮುಂದೆ ಲೋಕದ ಕಾರುಗಳೆಲ್ಲ ಇದೇ ದಾರಿ ಹಿಡಿದವು. ನಮ್ಮ ಸ್ಕೂಟರು, ಮೋಟರ್ ಬೈಕುಗಳ ದೀಪಗಳೂ ಈಗ ಹೆಚ್ಚಾಗಿ ಪ್ಲಾಸ್ಟಿಕ್ಕಿನವೇ.

ಕೊಳೆಯಲ್ಲ, ಬಿಸಿಲಿನ ಗಾಯ

ಗಾಜಿಗಿಲ್ಲದ ಒಂದು ದೌರ್ಬಲ್ಯ ಈ ಪ್ಲಾಸ್ಟಿಕ್ಕಿಗಿದೆ. ಬಿಸಿಲು ಇದಕ್ಕೆ ಆಗಿಬರುವುದಿಲ್ಲ. ಪಾಲಿಕಾರ್ಬೊನೇಟ್‌ನ ಅಣುಗಳು ಉದ್ದುದ್ದ ಸರಪಳಿಗಳಂತಿರುತ್ತವೆ. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳೂ ಇರುತ್ತವೆ ಎಂಬುದು ವಿದ್ಯಾರ್ಥಿಗಳಿಗೆ ಗೊತ್ತು. ಈ ಕಿರಣಗಳಿಗೆ ಸರಪಳಿಯ ಕೊಂಡಿಗಳನ್ನು ಕಳಚುವಷ್ಟು ಶಕ್ತಿಯಿದೆ. ಕೊಂಡಿ ಕಳಚಿದ ಜಾಗಕ್ಕೆ ಗಾಳಿಯ ಆಮ್ಲಜನಕ ಬಂದು ಸೇರಿಕೊಳ್ಳುತ್ತದೆ. ಹೀಗೆ ಹುಟ್ಟುವ ಹೊಸ ವಸ್ತುಗಳು ನೀಲಿ ಬೆಳಕನ್ನು ಹೀರಿಕೊಳ್ಳುತ್ತವೆ. ಬಿಳಿ ಬೆಳಕಿನಿಂದ ನೀಲಿಯನ್ನು ಕಳೆದರೆ ಉಳಿಯುವುದು ಹಳದಿ. ದೀಪಕ್ಕೆ ಅರಿಶಿನದ ಬಣ್ಣ ಬಂದದ್ದು ಹೀಗೆ.

ತಯಾರಕರಿಗೆ ಇದು ಗೊತ್ತಿಲ್ಲದೆ ಇಲ್ಲ. ಅದಕ್ಕಾಗಿಯೇ ಕಾರ್ಖಾನೆಯಲ್ಲಿ ದೀಪದ ಮೇಲೆ ತಲೆಗೂದಲಿಗಿಂತ ತೆಳುವಾದ, ಗಟ್ಟಿಯಾದ ಲೇಪನವೊಂದನ್ನು ಕೊಟ್ಟಿರುತ್ತಾರೆ. ಅತಿನೇರಳೆ ಕಿರಣವನ್ನು ಅದು ತಾನು ಹೀರಿಕೊಂಡು ಕೆಳಗಿನ ಪ್ಲಾಸ್ಟಿಕ್ಕನ್ನು ಕಾಯುತ್ತದೆ. ಇದು ದೀಪಕ್ಕೆ ಹಿಡಿದ ಕೊಡೆ. ಆದರೆ ವರ್ಷಗಟ್ಟಲೆ ಬಿಸಿಲು ಬಿದ್ದರೆ ಕೊಡೆಯ ಬಟ್ಟೆಯೂ ಜೀರ್ಣವಾಗುತ್ತದಲ್ಲವೇ? ಲೇಪನ ಅಲ್ಲಲ್ಲಿ ಬಿರಿದು, ಸಿಪ್ಪೆ ಏಳುತ್ತದೆ. ರಸ್ತೆಯ ದೂಳು, ಮರಳು ಉಜ್ಜಿ ಗೀರುಗಳೂ ಸೇರುತ್ತವೆ. ನಯವಾಗಿದ್ದ ಮೈ ಒರಟಾಗುತ್ತದೆ.

ಮೈ ಒರಟಾದರೆ ಮಂಜು ಏಕೆ? ಪ್ರಾರ್ಥನೆ ಮುಗಿಸಿ ತರಗತಿಗೆ ಹೊರಟ ಮಕ್ಕಳ ಸಾಲನ್ನು ನೆನೆಯಿರಿ. ನಯವಾದ ಮೇಲ್ಮೈಯಲ್ಲಿ ಬೆಳಕಿನ ಕಿರಣಗಳು ಹಾಗೆ ಶಿಸ್ತಿನಿಂದ ಒಂದೇ ದಿಕ್ಕಿಗೆ ಸಾಗುತ್ತವೆ. ಒರಟು ಮೇಲ್ಮೈಯಲ್ಲಿ ಪ್ರತಿ ಕಿರಣವೂ ಒಂದೊಂದು ದಿಕ್ಕಿಗೆ ಬಾಗುತ್ತದೆ, ಸಂಜೆ ಕೊನೆಯ ಗಂಟೆ ಬಾರಿಸಿದಾಗ ಮಕ್ಕಳು ಚದುರಿದಂತೆ. ರಸ್ತೆಗೆ ಹೋಗಬೇಕಾದ ಬೆಳಕು ಆಕಾಶಕ್ಕೂ, ಎದುರಿನಿಂದ ಬರುವ ಚಾಲಕನ ಕಣ್ಣಿಗೂ ಹೋಗುತ್ತದೆ.

ಮಾಡಿ ನೋಡಿ: ಒಂದು ಲೋಟ ನೀರು

ಸ್ನಾನದ ಮನೆಯ ಕಿಟಕಿಗೆ ಹಾಕುವ ಮಂಜುಗಾಜು ಎಲ್ಲರಿಗೂ ಗೊತ್ತು. ಅದರ ಒರಟು ಬದಿಗೆ ಪಾರದರ್ಶಕ ಅಂಟುಪಟ್ಟಿಯನ್ನು ಒತ್ತಿ ಅಂಟಿಸಿ. ಪಟ್ಟಿಯ ಅಗಲದಷ್ಟು ಗಾಜು ತಟ್ಟನೆ ತಿಳಿಯಾಗಿ, ಆಚೆಯ ಮರ ಕಾಣತೊಡಗುತ್ತದೆ. ಅಂಟು ಗಾಜಿನ ಗುಂಡಿಗಳನ್ನೆಲ್ಲ ತುಂಬಿ ಮೇಲ್ಮೈಯನ್ನು ಸಮಮಾಡಿತು, ಅಷ್ಟೆ.

ಇದೇ ಪ್ರಯೋಗವನ್ನು ಕಾರಿನ ದೀಪದ ಮೇಲೆ ನೀರಿನಿಂದ ಮಾಡಬಹುದು. ದೀಪವನ್ನು ತೊಳೆದು ಒರೆಸಿ, ಮತ್ತೆ ಒಂದು ಲೋಟ ನೀರು ಸುರಿಯಿರಿ. ಒದ್ದೆಯಿದ್ದಾಗ ತಿಳಿಯಾಗಿ ಕಂಡು, ಒಣಗಿದೊಡನೆ ಮತ್ತೆ ಮಂಜಾದರೆ ದೋಷ ಹೊರಮೈಯಲ್ಲಿದೆ. ಗಾಳಿಯ ವಕ್ರೀಭವನ ಸೂಚ್ಯಂಕ 1, ನೀರಿನದು 1.33, ಪಾಲಿಕಾರ್ಬೊನೇಟಿನದು ಸುಮಾರು 1.58. ಗುಂಡಿಯಲ್ಲಿ ಗಾಳಿಯ ಬದಲು ನೀರು ನಿಂತಾಗ ಅಂತರ ಕಡಿಮೆಯಾಗುತ್ತದೆ, ಬೆಳಕು ಕಡಿಮೆ ಚದುರುತ್ತದೆ. ಒದ್ದೆಯಿದ್ದಾಗಲೂ ಮಂಜು ಹಾಗೇ ಇದ್ದರೆ ದೋಷ ಒಳಗಡೆ ಇರಬಹುದು. ಹೊರಗೆ ಎಷ್ಟು ಉಜ್ಜಿದರೂ ಅದು ಹೋಗದು.

ಹಳೆಯ ಕಾರು ಕೊಳ್ಳುವವರಿಗೂ ಇಲ್ಲೊಂದು ಪಾಠವಿದೆ. ಎಣ್ಣೆ ಸವರಿದರೂ ದೀಪ ಹೀಗೆಯೇ ತಿಳಿಯಾಗಿ ಕಾಣುತ್ತದೆ, ಅದೂ ಒಂದೆರಡು ದಿನ ಮಾತ್ರ. ಸೋಪಿನ ನೀರಿನಿಂದ ತೊಳೆದು ಒಣಗಿಸಿ ನೋಡಿದರೆ ನಿಜ ಗೊತ್ತಾಗುತ್ತದೆ.

ಮೂರು ಮೀಟರಿನ ಕೊರತೆ

‘ದೀಪ ಸ್ವಲ್ಪ ಮಂಕಾದರೆ ಏನಂತೆ, ಉರಿಯುತ್ತದಲ್ಲ!’ ಎನ್ನುವವರಿದ್ದಾರೆ. ಅಮೆರಿಕದ ಆಟೊಮೊಬೈಲ್ ಅಸೋಸಿಯೇಷನ್ 2018ರಲ್ಲಿ ಹಳೆಯ ಕಾರುಗಳ ಮಂಕಾದ ದೀಪಗಳನ್ನು ಪರೀಕ್ಷಿಸಿತು. ಹೊಸ ದೀಪ ಕೊಡುವ ಬೆಳಕಿನಲ್ಲಿ ಅವು ಕೊಡುತ್ತಿದ್ದದ್ದು ಶೇ. 20ರಷ್ಟು ಮಾತ್ರ! ಅಂದರೆ ಐದರಲ್ಲಿ ಒಂದು ಪಾಲು.

ಇದರ ಅರ್ಥವನ್ನು ಹೈಸ್ಕೂಲಿನ ಗಣಿತದಿಂದಲೇ ತಿಳಿಯಬಹುದು. ದೂರ ಎರಡರಷ್ಟಾದರೆ ಬೆಳಕು ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಇದು ವಿಲೋಮ ವರ್ಗ ನಿಯಮ. ಹೊಸ ದೀಪದ ಬೆಳಕಿನಲ್ಲಿ, ರಸ್ತೆ ಬದಿಯಲ್ಲಿ ನಡೆದುಹೋಗುವ ಒಬ್ಬ ವ್ಯಕ್ತಿ 100 ಮೀಟರ್ ದೂರದಿಂದ ಕಾಣುತ್ತಾನೆ ಎಂದಿಟ್ಟುಕೊಳ್ಳಿ. ಬೆಳಕು ಐದರಲ್ಲಿ ಒಂದು ಪಾಲಾದರೆ, 100ನ್ನು 5ರ ವರ್ಗಮೂಲದಿಂದ ಭಾಗಿಸಬೇಕು. ಸುಮಾರು 45 ಮೀಟರ್ ಬರುತ್ತದೆ. ಅವನು ಕಾಣುವುದು ಅಷ್ಟು ಹತ್ತಿರ ಬಂದ ಮೇಲೆಯೇ.

ಗಂಟೆಗೆ 60 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 16.7 ಮೀಟರ್ ಸಾಗುತ್ತದೆ. ಕಂಡದ್ದು ಮನಸ್ಸಿಗೆ ತಟ್ಟಿ ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಎಂದರೆ 25 ಮೀಟರ್ ಆಯಿತು. ಒಣ ರಸ್ತೆಯಲ್ಲಿ ಬ್ರೇಕು ಹಿಡಿದು ನಿಲ್ಲಲು ಇನ್ನು 23 ಮೀಟರ್. ಒಟ್ಟು 48. ಕಂಡದ್ದು 45 ಮೀಟರಿನಲ್ಲಿ, ನಿಲ್ಲಲು ಬೇಕಾದದ್ದು 48. ಕೊರತೆ ಮೂರೇ ಮೀಟರ್. ಆದರೆ ಆ ಮೂರು ಮೀಟರಿನೊಳಗೆ ನಿಂತಿರುವವನು ಒಬ್ಬ ಮನುಷ್ಯ. ದೀಪವಿಲ್ಲದ ಕಬ್ಬಿನ ಗಾಡಿಯೂ ಇರಬಹುದು, ಟ್ಯೂಷನ್ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಹೊರಟ ಹುಡುಗಿಯೂ ಇರಬಹುದು.

ತಿಳಿಮಾಡಲು ಮೊದಲು ಮಂಕು ಮಾಡಬೇಕು

ಈಗ ರಿಪೇರಿಗೆ ಬರೋಣ. ಮೊಸಾಯಿಕ್ ನೆಲಕ್ಕೆ ಪಾಲಿಶ್ ಹಾಕುವುದನ್ನು ನೀವು ನೋಡಿರಬಹುದು. ಮೊದಲು ಒರಟು ಕಲ್ಲು, ಅನಂತರ ನಯ, ಆಮೇಲೆ ಇನ್ನೂ ನಯ, ಜೊತೆಗೆ ಸದಾ ನೀರು. ದೀಪದ ಕೆಲಸವೂ ಇದೇ ಬಗೆಯದು. ಇಲ್ಲಿ ಕಲ್ಲಿನ ಬದಲು ಮರಳು ಕಾಗದ. ನೀರಿನಲ್ಲಿ ಅದ್ದಿ ಉಜ್ಜುವ ಜಾತಿಯದೇ ಬೇಕು. ಬಣ್ಣದ ಅಂಗಡಿಯಲ್ಲಿ ‘ವಾಟರ್ ಪೇಪರ್’ ಎಂದರೆ ಕೊಡುತ್ತಾರೆ. ಅದರ ಹಿಂಬದಿಯಲ್ಲಿ ನಂಬರು ಇರುತ್ತದೆ. ನಂಬರು ಹೆಚ್ಚಿದಷ್ಟೂ ಕಣ ಸಣ್ಣದು. 800ರ ಕಣ ಸುಮಾರು 22 ಮೈಕ್ರಾನ್, 2000ದ್ದು ಸುಮಾರು 10 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ.

ಮೊದಲು ದೀಪವನ್ನು ಉಗುರಿನಿಂದ ತಟ್ಟಿ. ಟಿಣ್ ಎಂದರೆ ಅದು ಗಾಜು, ಮುಟ್ಟಲು ಹೋಗಬೇಡಿ. ಪ್ಲಾಸ್ಟಿಕ್ ಆದರೆ ನೆರಳಿನಲ್ಲಿ, ದೀಪ ತಣ್ಣಗಿರುವಾಗ ಕೆಲಸ ಶುರುಮಾಡಿ. ಸೋಪಿನ ನೀರಿನಿಂದ ತೊಳೆದು, ಸುತ್ತಲಿನ ಬಣ್ಣಕ್ಕೆ ಗೀರು ಬೀಳದಂತೆ ಪೇಂಟರುಗಳು ಬಳಸುವ ಕಾಗದದ ಪಟ್ಟಿ ಅಂಟಿಸಿ. ಲೇಪನ ಸಿಪ್ಪೆ ಎದ್ದಿದ್ದರೆ 800ರಿಂದ, ಬರೀ ಮಂಜಾಗಿದ್ದರೆ 1000ದಿಂದ ಆರಂಭಿಸಿ. ಕಾಗದವನ್ನು ನೀರಿನಲ್ಲಿ ನೆನೆಸಿ, ಹಗುರವಾಗಿ ಅಡ್ಡಡ್ಡ ಉಜ್ಜಿ. ಮೊದಲು ಹಳದಿ ನೀರು ಇಳಿಯುತ್ತದೆ. ಅದು ಬಿಸಿಲಿಗೆ ಬೆಂದ ಪದರ. ಹಳದಿ ನಿಂತು ಹಾಲಿನಂಥ ನೀರು ಬರುವ ತನಕ ಬಿಡಬೇಡಿ.

ಈ ಹಂತದಲ್ಲಿ ಒರೆಸಿ ನೋಡಿದವರಿಗೆ ಎದೆ ಝಲ್ಲೆನ್ನುತ್ತದೆ. ದೀಪ ಮೊದಲಿಗಿಂತ ಹೆಚ್ಚು ಮಂಕಾಗಿರುತ್ತದೆ! ಹೆದರಬೇಕಿಲ್ಲ. ಅಂಕುಡೊಂಕಾದ ಹಳೆಯ ಗಾಯ ಹೋಗಿ, ಒಂದೇ ಸಮನಾದ ಗೀರುಗಳು ಬಂದಿವೆ. ಮುಂದೆ 1500, 2000, ಸಿಕ್ಕಿದರೆ 3000. ಪ್ರತಿ ಸಲವೂ ಹಿಂದಿನದಕ್ಕೆ ಅಡ್ಡಲಾದ ದಿಕ್ಕಿನಲ್ಲಿ ಉಜ್ಜಿ. ಹಿಂದಿನ ಗೀರುಗಳೆಲ್ಲ ಅಳಿಸಿದವೆಂದು ಒರೆಸಿ, ಖಚಿತವಾದ ಮೇಲೆಯೇ ಮುಂದಿನ ಕಾಗದ. ಅವಸರ ಮಾಡಿ ಒಂದು ಹಂತ ಹಾರಿಸಿದರೆ ಆ ಗೀರು ಕೊನೆಯವರೆಗೂ ಉಳಿಯುತ್ತದೆ.

ಕೊನೆಗೆ ಮೆತ್ತನೆ ಬಟ್ಟೆಯಲ್ಲಿ ರಬ್ಬಿಂಗ್ ಕಾಂಪೌಂಡ್ ಹಾಕಿ ತಾಳ್ಮೆಯಿಂದ ತಿಕ್ಕಿ. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ 0.4ರಿಂದ 0.7 ಮೈಕ್ರಾನ್. ಗೀರು ಅದಕ್ಕಿಂತ ಸಣ್ಣದಾಯಿತೆಂದರೆ ಬೆಳಕು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಆಗ ದೀಪ ಕಣ್ಣು ತೆರೆಯುತ್ತದೆ.

ಉಜ್ಜಿದ್ದು ಅರ್ಧ ಕೆಲಸ

ಹೆಚ್ಚಿನವರು ಇಲ್ಲಿಗೆ ಕೈ ತೊಳೆದುಕೊಳ್ಳುತ್ತಾರೆ. ಕೆಲವೇ ತಿಂಗಳಿಗೆ ದೀಪ ಮತ್ತೆ ಮಂಕಾದಾಗ ಗೊಣಗುತ್ತಾರೆ. ಕಾರಣ ಸ್ಪಷ್ಟ. ಉಜ್ಜುವಾಗ ಗಾಯದ ಜೊತೆಗೆ ಅಳಿದುಳಿದ ಕೊಡೆಯನ್ನೂ ಕಿತ್ತುಹಾಕಿದ್ದೇವೆ. ಬರೀ ಮೈಯ ಪ್ಲಾಸ್ಟಿಕ್ಕು ಬಿಸಿಲಿಗೆ ಬಿದ್ದಿದೆ. ಹೊಸ ಕೊಡೆ ಹಿಡಿಯದಿದ್ದರೆ ಮಾಡಿದ ಶ್ರಮವೆಲ್ಲ ನೀರಿನಲ್ಲಿ ಹೋಮ.

ಹೆಡ್‌ಲೈಟಿಗೆಂದೇ ತಯಾರಾದ, ಅತಿನೇರಳೆ ಕಿರಣ ತಡೆಯುವ ಪಾರದರ್ಶಕ ಲೇಪನ ಕಾರಿನ ಬಿಡಿಭಾಗಗಳ ಅಂಗಡಿಗಳಲ್ಲಿ ದೊರೆಯುತ್ತದೆ. ಬಟ್ಟೆಯಿಂದ ಸವರುವುದೂ ಇದೆ, ಸ್ಪ್ರೇ ಮಾಡುವುದೂ ಇದೆ. ಮೊದಲು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಜಿಡ್ಡು ತೆಗೆಯಬೇಕು. ಪೂರ್ತಿ ಒಣಗಿದ ಮೇಲೆ ತೆಳುವಾಗಿ ಎರಡು ಮೂರು ಸಲ ಲೇಪಿಸಬೇಕು. ದೂಳು, ಇಬ್ಬನಿ ತಾಗದಂತೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಬೇಕು. ಸ್ಪ್ರೇ ಕೆಲಸ ದೊಡ್ಡವರದು. ಅದನ್ನು ಬಯಲಿನಲ್ಲಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಮಾಡಲಿ. ಎರಡು ದ್ರವಗಳನ್ನು ಬೆರೆಸಿ ಹೊಡೆಯುವ ಗಟ್ಟಿ ಲೇಪನದ ಆವಿ ಶ್ವಾಸಕೋಶಕ್ಕೆ ಅಪಾಯಕಾರಿ. ಅದನ್ನು ಪೇಂಟಿಂಗ್ ಗ್ಯಾರೇಜಿನವರಿಗೇ ಬಿಡುವುದು ಕ್ಷೇಮ.

ಟೂತ್‌ಪೇಸ್ಟ್ ಸಾಲದೇ ಎಂದು ಕೇಳುವವರುಂಟು. ಅದರಲ್ಲೂ ಹಲ್ಲು ತಿಕ್ಕುವ ಸಣ್ಣ ಕಣಗಳಿರುವುದರಿಂದ ಎಳೆಯ ಮಂಜು ಹೋಗುತ್ತದೆ, ಸುಳ್ಳಲ್ಲ. ಆದರೆ ಅದರಲ್ಲಿ ಕೊಡೆಯಿಲ್ಲ. ಪೆಟ್ರೋಲು, ತಿನ್ನರು, ಉಗುರು ಬಣ್ಣ ತೆಗೆಯುವ ಅಸಿಟೋನ್ ಇವುಗಳನ್ನಂತೂ ಹತ್ತಿರ ತರಬೇಡಿ. ಪ್ಲಾಸ್ಟಿಕ್ಕಿನಲ್ಲಿ ಬಿರುಕು ಬಿಡುತ್ತದೆ. ಮಂಕಾದ ದೀಪಕ್ಕೆ ಹೆಚ್ಚು ವಾಟಿನ ಬಲ್ಬು ಹಾಕುವುದೂ ತಪ್ಪು. ಶಾಖ ಹೆಚ್ಚುತ್ತದೆ, ಚದುರುವ ಬೆಳಕೂ ಹೆಚ್ಚುತ್ತದೆ, ಎದುರಿನವನಿಗೆ ಕಣ್ಣು ಕತ್ತಲೆ. ಇನ್ನೊಂದು ಮಾತು: ಹೆಲ್ಮೆಟ್ಟಿನ ಮುಖಪರದೆ, ಕನ್ನಡಕದ ಪ್ಲಾಸ್ಟಿಕ್ ಮಸೂರ ಇವುಗಳ ಮೇಲೆ ಈ ವಿದ್ಯೆ ಪ್ರಯೋಗಿಸಬಾರದು. ಗೀರು ಬಿದ್ದಿದ್ದರೆ ಬದಲಿಸುವುದೇ ಸರಿ.

ಮಕ್ಕಳಿಗೊಂದು ಲೆಕ್ಕ

ಅಮೆರಿಕದ ಅದೇ ಪರೀಕ್ಷೆಯಲ್ಲಿ ಉಜ್ಜಿ ಸರಿಪಡಿಸಿದ ದೀಪಗಳು ಹೊಸದರ ಸುಮಾರು ಶೇ. 70ರಷ್ಟು ಬೆಳಕು ಕೊಟ್ಟವು. ಪೂರ್ತಿ ಹೊಸತಾಗಲಿಲ್ಲ, ಎದುರಿನವರಿಗೆ ಕಣ್ಣು ಕುಕ್ಕುವುದೂ ಪೂರಾ ನಿಲ್ಲಲಿಲ್ಲ. ತೀರಾ ಕೆಟ್ಟ ದೀಪವನ್ನು ಬದಲಿಸುವುದೇ ಮೇಲು. ಆದರೂ 20 ಎಲ್ಲಿ, 70 ಎಲ್ಲಿ! ಮೇಲಿನ ಲೆಕ್ಕದ ಪ್ರಕಾರ ಕಾಣುವ ದೂರ 45 ಮೀಟರಿನಿಂದ ಸುಮಾರು 84 ಮೀಟರಿಗೆ ಏರುತ್ತದೆ.

ಈಗ ನೀವೇ ಮುಂದುವರಿಸಿ. ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಬರೆದುಕೊಂಡು ಒಂದೂವರೆಯಿಂದ ಗುಣಿಸಿ. ಅದಕ್ಕೆ ವೇಗದ ವರ್ಗವನ್ನು 12ರಿಂದ ಭಾಗಿಸಿ ಬಂದದ್ದನ್ನು ಕೂಡಿಸಿ. ಕಾರು ನಿಲ್ಲಲು ಬೇಕಾದ ದೂರ ಸಿಗುತ್ತದೆ. 80 ಕಿ.ಮೀ. ವೇಗಕ್ಕೆ ಸುಮಾರು 75 ಮೀಟರ್ ಬರುತ್ತದೆ. ಉಜ್ಜಿದ ದೀಪಕ್ಕೆ ಅದು ಸಾಕು. 100 ಕಿ.ಮೀ. ವೇಗಕ್ಕೆ 106 ಮೀಟರ್. ಆ ವೇಗಕ್ಕೆ 100 ಮೀಟರ್ ತೋರಿಸುವ ಹೊಸ ದೀಪವೂ ಸಾಲದು! ಲೆಕ್ಕ ಮಾಡಿದ ಹಾಳೆಯನ್ನು ಅಪ್ಪನಿಗೋ ಅಮ್ಮನಿಗೋ ತೋರಿಸಿ. ಭಾನುವಾರ ದೀಪ ಉಜ್ಜುವುದಕ್ಕೆ ನೀವೂ ಕೈಜೋಡಿಸಿ. ಎಷ್ಟೇ ಉಜ್ಜಿದರೂ ರಾತ್ರಿ ಹೊತ್ತು ವೇಗ ಇಳಿಸುವ ಕೆಲಸ ಚಾಲಕರದೇ ಎಂಬುದನ್ನು ಆ ಹಾಳೆಯೇ ಅವರಿಗೆ ಹೇಳುತ್ತದೆ.