ವೈದ್ಯಕೀಯ ಗಾಂಜಾ: ಅಭ್ಯರ್ಥಿಗಳು ನುಣುಚಿಕೊಳ್ಳುವ ತೆರಿಗೆಯ ಪ್ರಶ್ನೆ



ಅಮೆರಿಕದ ಚುನಾವಣೆಗಳಲ್ಲಿ ವೈದ್ಯಕೀಯ ಗಾಂಜಾದ ಮಾತು ಬಂದಾಗಲೆಲ್ಲ ಅಭ್ಯರ್ಥಿಗಳನ್ನು ಪರ, ವಿರೋಧ ಎಂದು ಎರಡು ಸಾಲಿನಲ್ಲಿ ನಿಲ್ಲಿಸುವುದು ಪತ್ರಿಕೆಗಳಿಗೆ ರೂಢಿಯಾಗಿದೆ. ಈ ವಿಂಗಡಣೆ ಈಗ ಹಳತಾಗಿದೆ. ವೈದ್ಯರ ಶಿಫಾರಸಿನ ಮೇಲೆ ಗಾಂಜಾ ಬಳಸಲು 1996ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಒಪ್ಪಿದ ನಂತರ ಬಹುಪಾಲು ರಾಜ್ಯಗಳು ಅದೇ ದಾರಿ ಹಿಡಿದಿರುವುದರಿಂದ, ಇಂದು ಕೇಳಬೇಕಾದದ್ದು ತೆರಿಗೆಯ ಪ್ರಶ್ನೆ. ಅಭ್ಯರ್ಥಿಗಳು ನುಣುಚಿಕೊಳ್ಳುವುದೂ ಅಲ್ಲಿಯೇ.

ವೈದ್ಯರ ಚೀಟಿಯ ಮೇಲೆ ಕೊಡುವ ಔಷಧಗಳಿಗೆ ಅಲ್ಲಿನ ಬಹುತೇಕ ರಾಜ್ಯಗಳು ಮಾರಾಟ ತೆರಿಗೆ ವಿಧಿಸುವುದಿಲ್ಲ. ಗಾಂಜಾ ಗಿಡದಿಂದಲೇ ತೆಗೆದ, ಮೂರ್ಛೆರೋಗದ ಕೆಲವು ತೀವ್ರ ರೂಪಗಳಿಗೆಂದು 2018ರಲ್ಲಿ ಮಾನ್ಯತೆ ಪಡೆದ ಎಪಿಡಿಯೊಲೆಕ್ಸ್ ಅಂಥ ಔಷಧಗಳಲ್ಲೊಂದು. ಅದೇ ವರ್ಷ ಜನಮತದ ಮೂಲಕ ವೈದ್ಯಕೀಯ ಗಾಂಜಾವನ್ನು ಒಪ್ಪಿಕೊಂಡ ಒಕ್ಲಹೋಮ, ರೋಗಿಯ ಖರೀದಿಯ ಮೇಲೆ ಶೇ 7ರ ವಿಶೇಷ ತೆರಿಗೆ ಹಾಕಿ, ನಿಯಂತ್ರಣದ ಖರ್ಚು ಕಳೆದು ಉಳಿದದ್ದರಲ್ಲಿ ಮುಕ್ಕಾಲು ಪಾಲನ್ನು ಶಿಕ್ಷಣಕ್ಕೆ ಮೀಸಲಿಟ್ಟಿತು. ಶಾಲೆಗಳಿಗೆ ಹಣ ಎಂಬ ಭರವಸೆ ಪ್ರಚಾರ ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ, ನಿಜ. ಆದರೆ ಆ ಹಣ ತೆರುವವರಲ್ಲಿ ಕೀಮೊಥೆರಪಿಯ ವಾಕರಿಕೆಯಿಂದ ನರಳುವ, ವಿಮೆಯ ನೆರವೂ ಇಲ್ಲದೆ ಕೈಯಿಂದಲೇ ಖರ್ಚು ಮಾಡುವ ರೋಗಿಗಳಿದ್ದಾರೆ.

ಒಕ್ಕೂಟ ಸರ್ಕಾರದ ತೆರಿಗೆ ಇನ್ನೂ ವಿಚಿತ್ರವಾದದ್ದು. 1970ರ ಕಾಯ್ದೆ ಗಾಂಜಾವನ್ನು ಹೆರಾಯಿನ್ ಜೊತೆಗೆ ಮೊದಲ ಅನುಸೂಚಿಯಲ್ಲಿ, ಅಂದರೆ ವೈದ್ಯಕೀಯ ಉಪಯೋಗವಿಲ್ಲವೆಂದು ಪರಿಗಣಿಸಿದ ಮಾದಕಗಳ ಪಟ್ಟಿಯಲ್ಲಿ, ಸೇರಿಸಿತು. ಮಾದಕ ಮಾರುತ್ತಿದ್ದವನೊಬ್ಬನಿಗೆ ವ್ಯಾಪಾರದ ಖರ್ಚು ಕಳೆದುಕೊಳ್ಳಲು 1981ರಲ್ಲಿ ತೆರಿಗೆ ನ್ಯಾಯಾಲಯ ಅವಕಾಶ ಕೊಟ್ಟದ್ದರಿಂದ, ಮರುವರ್ಷವೇ ಸಂಸತ್ತು 280ಇ ಎಂಬ ಸೆಕ್ಷನ್ ತಂದು ಮೊದಲೆರಡು ಅನುಸೂಚಿಗಳ ವಸ್ತುಗಳನ್ನು ಮಾರುವವರಿಗೆ ಆ ಸೌಲಭ್ಯ ನಿರಾಕರಿಸಿತು. ಸರಕಿನ ಅಸಲನ್ನು ಮಾತ್ರ ಕಳೆಯಬಹುದು. ಬಾಡಿಗೆ, ಸಂಬಳಗಳನ್ನು ಕಳೆಯುವಂತಿಲ್ಲ. ನೂರು ಡಾಲರ್ ಮಾರಾಟದಲ್ಲಿ ಅರವತ್ತು ಅಸಲು, ಮೂವತ್ತು ಇತರ ಖರ್ಚು ಎಂದಿಟ್ಟುಕೊಂಡರೆ, ಬೇರೆ ಕಂಪನಿ ಉಳಿದ ಹತ್ತರ ಮೇಲೆ ಶೇ 21ರಂತೆ 2.10 ಡಾಲರ್ ಕಟ್ಟುವಲ್ಲಿ, ಗಾಂಜಾ ಮೊದಲ ಅನುಸೂಚಿಯಲ್ಲಿರುವ ತನಕ ಅದನ್ನು ಮಾರುವ ಕಂಪನಿ ನಲವತ್ತರ ಮೇಲೆ 8.40 ಡಾಲರ್ ಕಟ್ಟಬೇಕು. ರಾಜ್ಯವೇ ಪರವಾನಗಿ ಕೊಟ್ಟ ಮಳಿಗೆಗೂ ಇದೇ ಲೆಕ್ಕ.

2024ರ ಮೇ ತಿಂಗಳಲ್ಲಿ ಬೈಡನ್ ಆಡಳಿತ ಗಾಂಜಾವನ್ನು ಮೂರನೆಯ ಅನುಸೂಚಿಗೆ ಇಳಿಸಲು ಪ್ರಸ್ತಾಪಿಸಿತು; ಆ ವರ್ಷದ ಚುನಾವಣೆಯಲ್ಲಿ ಟ್ರಂಪ್ ಅದನ್ನು ಬೆಂಬಲಿಸಿದರು, ಹ್ಯಾರಿಸ್ ಸಂಪೂರ್ಣ ಕಾನೂನುಬದ್ಧಗೊಳಿಸುವ ಮಾತಾಡಿದರು. ಮೂರನೆಯ ಅನುಸೂಚಿಗೆ ಇಳಿದೊಡನೆ 280ಇ ತಾನಾಗಿಯೇ ಅನ್ವಯವಾಗದೆ ಹೋಗುವುದರಿಂದ, ಇದು ಕರುಣೆಯ ಮಾತಿನಲ್ಲಿ ಬಂದ ತೆರಿಗೆ ವಿನಾಯಿತಿ. ಅದರ ಫಲ ಮೊದಲು ಸೇರುವುದು ಕಂಪನಿಗಳಿಗೆ. ಆ ಉಳಿತಾಯದಿಂದ ಬೆಲೆ ಇಳಿಯಲೇಬೇಕೆಂಬ ನಿಯಮವಿಲ್ಲ, ರಾಜ್ಯದ ತೆರಿಗೆ ಇದ್ದಂತೆಯೇ ಇರುತ್ತದೆ.

ಆದ್ದರಿಂದ ಅಲ್ಲಿ ಮತದಾನದ ಹಕ್ಕು ಪಡೆದಿರುವ ಕನ್ನಡಿಗರೂ ಸೇರಿದಂತೆ ಮತದಾರರು, ಅಭ್ಯರ್ಥಿ ಗಾಂಜಾದ ಪರವೋ ವಿರೋಧವೋ ಎಂದು ಕೇಳುವ ಬದಲು, ರೋಗಿಯ ಖರೀದಿಯ ಮೇಲೆ ಎಷ್ಟು ತೆರಿಗೆ ಹಾಕುತ್ತಾರೆ ಮತ್ತು ಏಕೆ ಎಂದು ಕೇಳಲಿ. ಉತ್ತರವನ್ನು ಪತ್ರಿಕೆಗಳೂ ಅಂಕಿಗಳಲ್ಲಿಯೇ ಮುದ್ರಿಸಲಿ.