ಪಕ್ಕದ ಸಂಘದ ಕಾರ್ಯದರ್ಶಿಯೂ ನಮಗೆ ಗುರು

ಬೇಸಾಯದಲ್ಲಿ ನಾವು ಕಲಿತದ್ದರಲ್ಲಿ ಹೆಚ್ಚಿನದು ಬೇಲಿಯಾಚೆಯ ತೋಟವನ್ನು ನೋಡಿ ಕಲಿತದ್ದು. ಅಡಿಕೆಯ ಕೊಳೆರೋಗದ ಬಗ್ಗೆ ಮೈಸೂರು ಸಂಸ್ಥಾನದ ವಿಜ್ಞಾನಿ ಡಾ. ಲೆಸ್ಲಿ ಕೋಲ್ಮನ್ ಅವರು 1910ರಷ್ಟು ಹಿಂದೆಯೇ ಬರೆದಿದ್ದರು. ಆದರೆ ಬೋರ್ಡೋ ದ್ರಾವಣದ ಸುಣ್ಣ ಹದವಾಗಿದೆಯೇ ಎಂದು ನೋಡುವುದು ಹೇಗೆ, ಮಳೆ ಬಿಡುವು ಕೊಟ್ಟ ದಿನ ಮೊದಲು ಯಾವ ಮೂಲೆಗೆ ಸಿಂಪಡಿಸಬೇಕು ಎಂಬ ಸೂಕ್ಷ್ಮಗಳನ್ನು ನಮ್ಮ ಕೈಗೆ ದಾಟಿಸಿದವರು ನೆರೆಕರೆಯವರೇ. ಕಾಫಿಯ ನೆರಳು ಸವರುವುದನ್ನೂ, ಬಿಳಿ ಕಾಂಡಕೊರಕ ತಗಲಿದ ಗಿಡವನ್ನು ಕಾಂಡದ ಉಬ್ಬುಗೆರೆಯಿಂದ ಗುರುತಿಸುವುದನ್ನೂ ನಾವು ಕಲಿತದ್ದು ಹೀಗೆಯೇ. 1988ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ ‘ಅಡಿಕೆ ಪತ್ರಿಕೆ’ ಕೃಷಿಕರಿಂದಲೇ ಬರೆಸಿ, ಬೆಳೆಗಾರನ ಅನುಭವವೂ ವಿದ್ಯೆಯೇ ಎಂಬುದನ್ನು ಅಚ್ಚಿನಲ್ಲಿ ತೋರಿಸಿಕೊಟ್ಟಿತು.

ತೋಟದ ಮಟ್ಟಿಗೆ ಇಷ್ಟು ಸಹಜವಾದ ಈ ಕ್ರಮವನ್ನು ಸಂಘ ನಡೆಸುವ ಕೆಲಸದಲ್ಲಿ ನಾವು ಏಕೆ ಕೈಬಿಟ್ಟಿದ್ದೇವೆ ಎಂಬುದೇ ಇಲ್ಲಿನ ಪ್ರಶ್ನೆ.

ನಮ್ಮ ಸಣ್ಣ ಸಂಘಗಳನ್ನು ನಡೆಸುತ್ತಿರುವವರು ಯಾರು? ಮೂರು ನಾಲ್ಕು ಎಕರೆ ತೋಟದ ನಡುವೆ ಪುರುಸೊತ್ತು ಮಾಡಿಕೊಂಡು ಬರುವ ಅಧ್ಯಕ್ಷರು, ಅಲ್ಪ ಸಂಬಳದಲ್ಲಿ ದುಡಿಯುವ ಕಾರ್ಯದರ್ಶಿ, ಗೌರವಾರ್ಥವಾಗಿ ಕುಳಿತ ನಿರ್ದೇಶಕರು. ಬೆಳೆಗಾರರ ಸಂಘ, ಮಹಿಳಾ ಮಂಡಲ, ಯುವಕ ಸಂಘ, ಗ್ರಾಮದ ವಾಚನಾಲಯ, ಎಲ್ಲ ಕಡೆಯೂ ಇದೇ ಸ್ಥಿತಿ. ಇವರಲ್ಲಿ ಯಾರೂ ಸಂಘ ನಡೆಸುವ ವಿದ್ಯೆಯನ್ನು ಓದಿ ಬಂದವರಲ್ಲ. ಮಹಾಸಭೆಯಲ್ಲಿ ಹೆಸರು ಸೂಚಿಸಿದರು, ಚಪ್ಪಾಳೆ ತಟ್ಟಿದರು, ಮರುದಿನದಿಂದ ಹೊಣೆ ಹೆಗಲಿಗೆ ಬಂತು.

ಆ ಹೊಣೆಯೊಂದಿಗೆ ಬರುವ ತೊಡಕುಗಳು ಯಾವ ಪುಸ್ತಕದಲ್ಲೂ ಇಲ್ಲ. ಸುಸ್ತಿಸಾಲದ ಪಟ್ಟಿಯ ಮೊದಲ ಹೆಸರು ನಿರ್ದೇಶಕರೊಬ್ಬರ ಭಾವನದ್ದಾದರೆ ನೋಟೀಸು ಕಳುಹಿಸುವುದು ಹೇಗೆ? ಗೋದಾಮಿನಲ್ಲಿಟ್ಟ ಮಾಲು ಒಣಗಿ ತೂಕ ಇಳಿದಾಗ ಆ ಕೊರತೆಯನ್ನು ಯಾರ ಲೆಕ್ಕಕ್ಕೆ ಬರೆಯುವುದು? ಬೀಗದ ಕೈಯನ್ನೂ ಊರಿನ ಲೆಕ್ಕವನ್ನೂ ಇಪ್ಪತ್ತೈದು ವರ್ಷ ತನ್ನ ತಲೆಯಲ್ಲೇ ಇಟ್ಟುಕೊಂಡ ಕಾರ್ಯದರ್ಶಿ ನಿವೃತ್ತರಾಗುವಾಗ ಮುಂದೇನು? ಇದನ್ನು ಸದಸ್ಯರ ಮುಂದೆ ಹೇಳಿದರೆ ಠೇವಣಿ ಹಿಂದೆಗೆಯಲು ಸಾಲು ನಿಂತೀತು ಎಂಬ ಭಯ. ಇಲಾಖೆಗೆ ಹೇಳಿದರೆ ತನಿಖೆಯ ಭಯ, ಬ್ಯಾಂಕಿಗೆ ಹೇಳಿದರೆ ಸಾಲದ ಮಿತಿ ಕಡಿತವಾಗುವ ಭಯ. ಕೊನೆಗೆ ಪದಾಧಿಕಾರಿ ಯಾರಿಗೂ ಹೇಳುವುದಿಲ್ಲ. ಮುಚ್ಚಿಟ್ಟ ಕಷ್ಟ ಕೊಳೆರೋಗದ ಹಾಗೆ ಒಳಗೊಳಗೇ ಹರಡುತ್ತದೆ, ಉದುರುವಾಗಲೇ ಗೊತ್ತಾಗುವುದು. ಉದುರುವುದು ಸಂಘದ ನಾಮಫಲಕ ಮಾತ್ರವಲ್ಲ. ಮಗಳ ಮದುವೆಗೆಂದು, ಬಾವಿ ತೋಡಿಸಲೆಂದು ಬೆಳೆಗಾರ ಕೂಡಿಟ್ಟ ಹಣವೂ ಅದರ ಜೊತೆಗೆ ಹೋಗುತ್ತದೆ.

ಇದಕ್ಕೆ ತರಬೇತಿ ಶಿಬಿರಗಳಿವೆಯಲ್ಲ ಎನ್ನಬಹುದು. ಇವೆ, ಅವು ಬೇಕು. ಕಾನೂನಿನ ತಿದ್ದುಪಡಿ, ಲೆಕ್ಕಪತ್ರದ ಕ್ರಮ, ಗಣಕಯಂತ್ರದ ಬಳಕೆ ಇವುಗಳನ್ನು ತಿಳಿದವರೇ ಹೇಳಿಕೊಡಬೇಕು. ನಮ್ಮ ಸಂಘಗಳು ತಮ್ಮ ಲಾಭದಲ್ಲಿ ಒಂದು ಪಾಲನ್ನು ಸಹಕಾರ ಶಿಕ್ಷಣ ನಿಧಿಗೆ ಕೊಡುತ್ತಿರುವುದೂ ಅದಕ್ಕಾಗಿಯೇ. ಆದರೆ ಇನ್ನೂರು ಮಂದಿ ಕುಳಿತ ಸಭಾಂಗಣದಲ್ಲಿ ಎದ್ದುನಿಂತು, ‘ನಮ್ಮ ಗೋದಾಮಿನಲ್ಲಿ ಹತ್ತು ಮೂಟೆ ಕಡಿಮೆ ಇದೆ, ಏನು ಮಾಡಲಿ?’ ಎಂದು ಕೇಳುವ ಎದೆಗಾರಿಕೆ ಯಾರಿಗಿದೆ? ಆ ಪ್ರಶ್ನೆ ಹೊರಬರುವುದು ಅದೇ ಕಷ್ಟ ಕಂಡವನ ಎದುರಿಗೆ ಮಾತ್ರ.

ಈ ಮಾತಿಗೆ ದೂರದ ಒಂದು ನಿದರ್ಶನವನ್ನು ನಮ್ಮ ಓದುಗರ ಮುಂದಿಡಬಯಸುತ್ತೇವೆ. ಕೆನಡಾ ದೇಶದ ಪೂರ್ವ ಕರಾವಳಿಯಲ್ಲಿ ನೋವಾ ಸ್ಕೋಷಿಯಾ ಎಂಬ ಪ್ರಾಂತ್ಯವಿದೆ. ನೂರು ವರ್ಷಗಳ ಹಿಂದೆ ಅಲ್ಲಿಯ ಮೀನುಗಾರರ ಪಾಡು ಸಾಹುಕಾರನ ಮುಂಗಡಕ್ಕೆ ಸಿಕ್ಕಿಬಿದ್ದ ಸಣ್ಣ ಬೆಳೆಗಾರನ ಪಾಡಿಗಿಂತ ಬೇರೆಯಾಗಿರಲಿಲ್ಲ. ಬಲೆಯೂ ಸಾಲದ್ದು, ದಿನಸಿಯೂ ಸಾಲದ್ದು. ಹಿಡಿದ ಮೀನಿಗೆ ಬೆಲೆ ಕಟ್ಟುವವನು ವ್ಯಾಪಾರಿ. 1927ರಲ್ಲಿ ಕ್ಯಾನ್ಸೊ ಎಂಬ ಊರಿನ ಮೀನುಗಾರರು ಒಟ್ಟಾಗಿ ದನಿಯೆತ್ತಿದರು. ಮರುವರ್ಷ, 1928ರಲ್ಲಿ, ಆಂಟಿಗೊನಿಷ್ ಪಟ್ಟಣದ ಸೇಂಟ್ ಫ್ರಾನ್ಸಿಸ್ ಝೇವಿಯರ್ ವಿಶ್ವವಿದ್ಯಾಲಯವು ಜನರ ಬಳಿಗೆ ವಿದ್ಯೆ ಒಯ್ಯಲು ವಿಸ್ತರಣಾ ವಿಭಾಗವೊಂದನ್ನು ಸ್ಥಾಪಿಸಿತು. ಅದರ ಮುಖ್ಯಸ್ಥರು ಮೋಸಸ್ ಕೋಡಿ ಎಂಬ ಪಾದ್ರಿ. ಅವರಿಗೆ ದಾರಿ ತೋರಿದವರು ಬಂಧುವೂ ಹಿರಿಯರೂ ಆದ ಜಿಮ್ಮಿ ಟಾಂಪ್ಕಿನ್ಸ್.

ಕೋಡಿಯವರು ಮಾಡಿದ್ದೇನು? ಊರಿನಲ್ಲಿ ಒಂದು ದೊಡ್ಡ ಸಭೆ ಕರೆದು ಮಾತಾಡುವರು. ಆದರೆ ಮಾತಾಡಿ ಹೊರಟುಹೋಗುತ್ತಿರಲಿಲ್ಲ. ಅಲ್ಲಿಯೇ ಜನರನ್ನು ಐದು ಹತ್ತು ಮಂದಿಯ ಅಧ್ಯಯನ ಕೂಟಗಳಾಗಿ ಹಂಚುವರು. ಕೂಟ ಸೇರುತ್ತಿದ್ದುದು ಯಾರದೋ ಮನೆಯ ಅಡುಗೆಮನೆಯಲ್ಲಿ, ಒಲೆಯ ಬದಿಯಲ್ಲಿ. ಕೂಟದ ಮುಂದಾಳು ಹೊರಗಿನಿಂದ ಬಂದವನಲ್ಲ, ಅವರಲ್ಲೇ ಒಬ್ಬ. ವಿಶ್ವವಿದ್ಯಾಲಯದಿಂದ ಕಿರುಹೊತ್ತಗೆಗಳು ಬರುತ್ತಿದ್ದವು. ಓದಲು ಬಾರದವರಿಗೆ ಬರುವವರು ಓದಿ ಹೇಳುತ್ತಿದ್ದರು. ಹತ್ತಿರದ ಕೂಟಗಳೆಲ್ಲ ಆಗಾಗ ಒಟ್ಟು ಸೇರಿ, ಒಬ್ಬರ ಅನುಭವವನ್ನು ಇನ್ನೊಬ್ಬರದರ ಪಕ್ಕದಲ್ಲಿಟ್ಟು ನೋಡುತ್ತಿದ್ದವು. ಮಹಿಳೆಯರ ಕೂಟಗಳೂ ಇದ್ದವು.

ಹೀಗೆ ಓದಿ ಮಾತಾಡಿದವರು ಮಾತಿನಲ್ಲೇ ನಿಲ್ಲಲಿಲ್ಲ. ಲಿಟ್ಲ್ ಡೋವರ್ ಎಂಬ ಬಡ ಹಳ್ಳಿಯವರು ಕಾಡಿನಿಂದ ತಾವೇ ಮರ ಕಡಿದು ತಂದು, ಸಿಗಡಿ ಜಾತಿಯ ಲಾಬ್‌ಸ್ಟರ್ ಡಬ್ಬಿ ತುಂಬುವ ಕಾರ್ಖಾನೆಯನ್ನು ಕಟ್ಟಿಕೊಂಡರು. 1930ರಲ್ಲಿ ಮೀನುಗಾರರ ಒಕ್ಕೂಟ ಹುಟ್ಟಿತು. ಆ ದಶಕದ ಆರ್ಥಿಕ ಮುಗ್ಗಟ್ಟಿನ ನಡುವೆಯೇ ಉಳಿತಾಯ ಸಂಘಗಳೂ ಸಹಕಾರಿ ಅಂಗಡಿಗಳೂ ಎದ್ದವು. ಅವುಗಳನ್ನು ನಡೆಸಲು ಬೇಕಾದ ಜನ ತಯಾರಾದದ್ದು ಈ ಕೂಟಗಳಲ್ಲೇ. ಮೊದಲು ಕೂಟದಲ್ಲಿ ನಾಲ್ಕು ಜನರೆದುರು ಬಾಯಿಬಿಟ್ಟವನು, ಮುಂದೆ ಸಂಘದಲ್ಲಿ ನಾನೂರು ಜನರ ಲೆಕ್ಕ ಹಿಡಿದನು. 1959ರಲ್ಲಿ ಅದೇ ಪಟ್ಟಣದಲ್ಲಿ ಕೋಡಿಯವರ ಹೆಸರಿನಲ್ಲಿ ಒಂದು ಅಂತರರಾಷ್ಟ್ರೀಯ ಸಂಸ್ಥೆ ಆರಂಭವಾಯಿತು. ಭಾರತವೂ ಸೇರಿದಂತೆ ಅನೇಕ ದೇಶಗಳ ಕಾರ್ಯಕರ್ತರು ಅಲ್ಲಿ ಕಲಿತು ಬಂದಿದ್ದಾರೆ.

ಈ ಕಥೆಗೆ ಇನ್ನೊಂದು ಮುಖವೂ ಇದೆ, ಅದನ್ನೂ ಹೇಳಬೇಕು. ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಅಧ್ಯಯನ ಕೂಟಗಳು ಕ್ರಮೇಣ ಇಳಿಮುಖವಾದವು. ಸಂಸ್ಥೆಗಳು ಉಳಿದವು, ವ್ಯವಹಾರ ಬೆಳೆಯಿತು, ಅಡುಗೆಮನೆಯ ಮಾತುಕತೆ ನಿಂತಿತು. ಸಂಘ ಬೆಳೆದಂತೆ ಕಲಿಯುವುದು ಮುಗಿಯಿತೆಂದು ತಿಳಿಯುವುದು ಎಲ್ಲ ದೇಶಗಳಲ್ಲೂ ಕಾಣುವ ರೋಗ.

ನಮ್ಮಲ್ಲಿ ಇದನ್ನು ಹೇಗೆ ಮಾಡಬಹುದು? ಕಟ್ಟಡ ಬೇಡ, ನಿಧಿ ಬೇಡ, ಉದ್ಘಾಟನೆಯಂತೂ ಬೇಡವೇ ಬೇಡ. ಒಂದೇ ದಾರಿಯಲ್ಲಿರುವ ಐದಾರು ಸಣ್ಣ ಸಂಘಗಳ ಅಧ್ಯಕ್ಷರೂ ಕಾರ್ಯದರ್ಶಿಗಳೂ ತಿಂಗಳಿಗೊಮ್ಮೆ ಒಂದು ಸಂಜೆ ಸರದಿಯಂತೆ ಒಬ್ಬೊಬ್ಬರ ಸಂಘದಲ್ಲಿ ಸೇರಲಿ. ಆ ತಿಂಗಳ ಆತಿಥೇಯರು ತಮ್ಮ ಒಂದೇ ಒಂದು ತೊಡಕನ್ನು, ಸಾಧ್ಯವಾದರೆ ಲೆಕ್ಕದ ಪುಸ್ತಕವನ್ನೇ ತೆರೆದಿಟ್ಟು, ಮುಂದಿಡಲಿ. ಉಳಿದವರು ಉಪದೇಶಕ್ಕೆ ಮುನ್ನ ಪ್ರಶ್ನೆ ಕೇಳಲಿ. ಆಮೇಲೆ ತಮ್ಮಲ್ಲಿ ಅಂಥದು ಬಂದಾಗ ಏನು ಮಾಡಿದೆವು, ಅದರ ಫಲವೇನಾಯಿತು ಎಂಬುದನ್ನು ಹೇಳಲಿ. ಆತಿಥೇಯರು ಕೈಗೊಳ್ಳುವ ಕ್ರಮವನ್ನು ಒಂದು ಸಾಲಿನಲ್ಲಿ ಬರೆದಿಡಲಿ. ಮುಂದಿನ ತಿಂಗಳು ಮೊದಲ ಮಾತು ಅದರದೇ. ಕಾನೂನಿನ ಪ್ರಶ್ನೆ ಬಂದಾಗ ಮಾತ್ರ ತಿಳಿದವರನ್ನು ಕರೆಸಿದರಾಯಿತು.

ಇದಕ್ಕೆ ಮೂರು ಆಕ್ಷೇಪಗಳು ಬರುವುದು ಖಂಡಿತ. ಸಮಯವೆಲ್ಲಿ ಎನ್ನುವರು. ಕೊಯ್ಲಿನ ತಿಂಗಳುಗಳನ್ನು ಬಿಟ್ಟರೂ ವರ್ಷಕ್ಕೆ ಎಂಟು ಸಂಜೆಗಳು ಸಿಗುತ್ತವೆ. ಒಂದು ಆಡಿಟ್ ಆಕ್ಷೇಪಣೆಗೆ ಉತ್ತರ ಬರೆಯಲು ಇದಕ್ಕಿಂತ ಹೆಚ್ಚು ಸಂಜೆಗಳು ಹೋಗುತ್ತವೆ. ಸಂಘದ ಗುಟ್ಟು ಊರಿಗೆಲ್ಲ ಹರಡೀತು ಎನ್ನುವರು. ಈ ಭಯ ನಿಜವಾದದ್ದು. ಆದುದರಿಂದ ಸಾಲಗಾರರ ಹೆಸರು ಎತ್ತಬಾರದು, ಕೇಳಿದ್ದು ಆ ಕೋಣೆ ದಾಟಬಾರದು ಎಂಬ ಕಟ್ಟುಪಾಡನ್ನು ಮೊದಲ ದಿನವೇ ಒಪ್ಪಬೇಕು. ಮುರಿದವರನ್ನು ಮುಲಾಜಿಲ್ಲದೆ ಬಿಡಬೇಕು. ಆದರೆ ಗುಟ್ಟು ಎಂಬ ಹೆಸರಿನಲ್ಲಿ ಅವ್ಯವಹಾರಕ್ಕೆ ಮರೆ ಕೊಡುವಂತಿಲ್ಲ. ಹಣ ದುರುಪಯೋಗವಾಗಿದ್ದರೆ ಅದು ಆಡಳಿತ ಮಂಡಳಿಗೂ ಲೆಕ್ಕಪರಿಶೋಧಕರಿಗೂ ಹೋಗಲೇಬೇಕು. ಮೂರನೆಯದಾಗಿ, ಪಕ್ಕದ ಸಂಘ ನಮ್ಮ ಸ್ಪರ್ಧಿಯಲ್ಲವೇ ಎನ್ನುವರು. ಒಂದು ಸಂಘ ಮುಳುಗಿದರೆ ನೆರೆಯ ಸಂಘದ ಠೇವಣಿದಾರನೂ ಬೆದರುತ್ತಾನೆ ಎಂಬುದನ್ನು ಅಂಥವರು ಮನಗಾಣಬೇಕು.

ಇನ್ನೊಂದು ಮಾತು. ಈ ಕೂಟಕ್ಕೆ ಪ್ರತಿ ಸಂಘದಿಂದ ಅಧ್ಯಕ್ಷ, ಕಾರ್ಯದರ್ಶಿಗಳ ಜೊತೆಗೆ ಮೂರನೆಯವರೊಬ್ಬರು ಬರಬೇಕು: ಇನ್ನೂ ಯಾವ ಹುದ್ದೆಯೂ ಇಲ್ಲದ ಯುವಕ, ಅಥವಾ ಮನೆಯ ತೋಟದ ಲೆಕ್ಕವನ್ನೆಲ್ಲ ಹಿಡಿದಿದ್ದರೂ ಮಹಾಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರುವ ಸದಸ್ಯೆ. ಹಳೆಯ ಅಡಿಕೆ ಮರ ಬೀಳುವ ಮುನ್ನವೇ ನಡುವೆ ಸಸಿ ನೆಡುವುದು ತೋಟದ ಧರ್ಮ. ಸಂಘದಲ್ಲಿ ಮಾತ್ರ ನಾವು ಮರ ಬಿದ್ದ ಮೇಲೆ ಸಸಿ ಹುಡುಕುತ್ತೇವೆ. ‘ಮುಂದಕ್ಕೆ ಬರುವವರೇ ಇಲ್ಲ’ ಎಂದು ಹಲುಬುವ ಹಿರಿಯರು, ಬರುವವರಿಗೆ ಕೂರಲು ಜಾಗ ಮಾಡಿದ್ದೇವೆಯೇ ಎಂದು ತಮ್ಮನ್ನೇ ಕೇಳಿಕೊಳ್ಳಲಿ.

1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ, ಕೇಳಿ ತಿಳಿಯಲು ಪಕ್ಕದ ಊರಿನಲ್ಲಿ ಇನ್ನೊಂದು ಸಂಘವಿರಲಿಲ್ಲ. ನಮಗೆ ಆ ಕೊರತೆಯಿಲ್ಲ. ಪ್ರತಿ ತಿರುವಿನಲ್ಲೂ ಒಂದು ಸಂಘವಿದೆ. ಸದಸ್ಯ ಬಾಂಧವರು ತಮ್ಮ ಸಂಘದ ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಇದನ್ನೊಂದು ವಿಷಯವಾಗಿ ಇಡುವಂತೆ ಒತ್ತಾಯಿಸಬೇಕು, ನೆರೆಯ ಎರಡು ಸಂಘಗಳಿಗಾದರೂ ಪತ್ರ ಬರೆಸಬೇಕು ಎಂದು ನಮ್ಮ ಕಳಕಳಿಯ ವಿನಂತಿ. ಮೊದಲ ಕೂಟಕ್ಕೆ ಮೂರು ಸಂಘಗಳು ಬಂದರೂ ಸಾಕು.