ಬ್ರೌಸರು: ಅರಿತು ಆರಿಸೋಣ

ಧಾರವಾಡದ ನಮ್ಮ ತರಗತಿಯಲ್ಲಿ, ‘ನೀವು ಬಳಸುವ ಬ್ರೌಸರು ಯಾವುದು?’ ಎಂದು ಕೇಳಿದೆವು. ‘ಗೂಗಲ್’ ಎಂದರು ಹಲವರು. ಗೂಗಲ್ ಮಾಹಿತಿಯನ್ನು ಹುಡುಕಿಕೊಡುವ ಸೇವೆ. ದೂರದ ಗಣಕದಿಂದ ಪುಟವನ್ನು ತರಿಸಿ, ಅದರ ಸಂಕೇತಗಳನ್ನು ಅಕ್ಷರ-ಚಿತ್ರಗಳಾಗಿ ತೋರಿಸುವ ತಂತ್ರಾಂಶವೇ ಬ್ರೌಸರು. ಮೊದಲ ಬ್ರೌಸರನ್ನು 1990ರಲ್ಲಿ ಟಿಮ್ ಬರ್ನರ್ಸ್-ಲೀಯವರು ರಚಿಸಿದುದು ಜಿನೀವಾ ಬಳಿಯ ಸೆರ್ನ್ ಭೌತವಿಜ್ಞಾನ ಸಂಸ್ಥೆಯಲ್ಲಿ. ಇಂದು ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೊದಲಾದವು ಇವೆ. ಆದರೂ ಫೋನಿನೊಡನೆ ಬಂದುದೇ ಬಹುಮಂದಿಗೆ ಸಾಕು.

ಇದು ಕೇವಲ ಹೆಸರಿನ ಗೊಂದಲವಲ್ಲ. ನಾವು ನೋಡಿದ ಪುಟಗಳ ಪಟ್ಟಿಯನ್ನೂ, ‘ಉಳಿಸು’ ಎಂದು ಒತ್ತಿದರೆ ಪಾಸ್‌ವರ್ಡನ್ನೂ ಕಾದಿಡುವುದು ಬ್ರೌಸರೇ. ಹಲವರು ಬಳಸುವ ಗಣಕದಲ್ಲಿ ಹಾಗೆ ಒತ್ತಿದವರು ಬೀಗದಕೈಯನ್ನು ಬಾಗಿಲಲ್ಲೇ ಬಿಟ್ಟಂತೆ. ಸಂತೆಯಲ್ಲಿ ಬದನೆಕಾಯಿಯನ್ನೂ ತಿರುಗಿಸಿ ನೋಡಿ ಕೊಳ್ಳುವ ನಾವು ಬ್ರೌಸರನ್ನು ನೋಡದೆ ಒಪ್ಪುವುದೇಕೆ? ಎರಡನ್ನು ಹೋಲಿಸಿ, ಅವುಗಳ ಗೋಪ್ಯತೆಯ ಏರ್ಪಾಡುಗಳನ್ನು ಓದಿ, ಬಳಿಕ ಆರಿಸುವುದೇ ವಿಜ್ಞಾನದ ವಿದ್ಯಾರ್ಥಿಗೆ ತಕ್ಕ ಕ್ರಮ.